ಏಳನೆಯ ಚೀಲ

ಹೋದ ತಿಂಗಳು ಹುಬ್ಬಳ್ಳಿಯ ತಮ್ಮನ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಅವನ ಮಗ ನೋಟ್‌ಬುಕ್ ಹಿಡಿದುಕೊಂಡು ಬಂದು, "ಅತ್ತಿ, ನಾಳೆ ಟೆಸ್ಟ್ ಐತಿ, ಸ್ವಲ್ಪ ಪ್ರಶ್ನೆ ಕೇಳು" ಅಂದ. ಏಳನೆಯ ತರಗತಿ. ಪಾಠದ ಹೆಸರು ತಂತ್ರಾಂಶದ ವಿಧಗಳು ಮತ್ತು ಉಪಯೋಗಗಳು. ನಾನು ಕೇಳುತ್ತ ಹೋದೆ, ಅವನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತ ಹೋದ. ಸಿಸ್ಟಂ ಸಾಫ್ಟ್‌ವೇರ್, ಅಪ್ಲಿಕೇಶನ್ ಸಾಫ್ಟ್‌ವೇರ್, ಯುಟಿಲಿಟಿ ಸಾಫ್ಟ್‌ವೇರ್. ಪ್ರತಿಯೊಂದಕ್ಕೂ ಎರಡೆರಡು ಉದಾಹರಣೆ. ಒಂದಕ್ಷರವೂ ತಪ್ಪಲಿಲ್ಲ.

ಪುಟ ಹಿಂದಕ್ಕೆ ತಿರುವಿದಾಗ ಅದಕ್ಕಿಂತ ಮೊದಲಿನ ಪಾಠ ಕಣ್ಣಿಗೆ ಬಿತ್ತು. ಕಂಪ್ಯೂಟರಿನ ಗುಣಲಕ್ಷಣಗಳು: ವೇಗ, ನಿಖರತೆ, ದಣಿವಿಲ್ಲದ ದುಡಿಮೆ, ಸಂಗ್ರಹ ಸಾಮರ್ಥ್ಯ. ನಿಖರತೆಯ ಮುಂದೆ ಒಂದು ವಾಕ್ಯ, ಅದರ ಕೆಳಗೆ ಕೆಂಪು ಪೆನ್ನಿನ ಗೆರೆ: 'ಕಂಪ್ಯೂಟರ್ ಎಂದಿಗೂ ತಪ್ಪು ಮಾಡುವುದಿಲ್ಲ.'

ನನ್ನ ಕೈ ಅಲ್ಲೇ ನಿಂತಿತು. ಈ ವಾಕ್ಯವನ್ನು ಇದೇ ಪದಗಳಲ್ಲಿ, ಇದೇ ಅನುಕ್ರಮದಲ್ಲಿ ನಾನು ನೂರಾರು ಮಕ್ಕಳಿಗೆ ಬರೆಸಿದ್ದೇನೆ. ಅವರಲ್ಲಿ ಒಬ್ಬ ಹುಡುಗಿ ಅದನ್ನು ನಂಬಿದಳು. ನಂಬಿದ್ದಕ್ಕೆ ಅವಳ ಅಪ್ಪ ಬೆಲೆ ತೆತ್ತರು.

2002ರ ಜುಲೈ ತಿಂಗಳು ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಗುತ್ತಿಗೆಯ ಮೇಲೆ ಕಂಪ್ಯೂಟರ್ ಶಿಕ್ಷಕಿಯಾಗಿ ಹೋದೆ. ನನಗಾಗ 23 ವರ್ಷ. ಕೈಯಲ್ಲಿ ಒಂದು ಪದವಿ, ಆರು ತಿಂಗಳ ಡಿಪ್ಲೊಮಾ. ಸಂಬಳ ತಿಂಗಳಿಗೆ 2500 ರೂಪಾಯಿ, ಅದೂ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು. ಊರು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಕಳಿಸುವ ಊರುಗಳಲ್ಲೊಂದು. ಜನವರಿ ಬಂತೆಂದರೆ ಕಣಗಳೆಲ್ಲ ಕೆಂಪಗಾಗುತ್ತಿದ್ದವು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆದರೆ ಅದರ ಘಾಟೇನೂ ಕಡಿಮೆಯಲ್ಲ. ಗಾಳಿ ತಿರುಗಿದ ದಿನ ಲ್ಯಾಬಿನಲ್ಲಿ ಕೂತವರೆಲ್ಲ ಸೀನುತ್ತಿದ್ದರು.

ಲ್ಯಾಬ್ ಅಂದರೆ ಹಳೆಯ ಕ್ರಾಫ್ಟ್ ಕೋಣೆ. ಕಿಟಕಿಗೆ ಕಬ್ಬಿಣದ ಜಾಳಿಗೆ ಬಡಿಸಿ, ನೆಲಕ್ಕೆ ಮ್ಯಾಟ್ ಹಾಸಿ, ಬಾಗಿಲಿಗೆ ಎರಡು ಕೀಲಿ ಹಾಕಿದ್ದರು. ಎಂಟು ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಹೊರಗೆ ತಗಡಿನ ಶೆಡ್ಡಿನಲ್ಲಿ ಒಂದು ಜನರೇಟರ್. ಒಂಬತ್ತನೆಯ ತರಗತಿಯ ಒಂದು ಸೆಕ್ಷನ್ನಿನಲ್ಲೇ 70 ಮಕ್ಕಳು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಒಳಗೆ ಬರಬೇಕೆಂದು ನಾನೇ ನಿಯಮ ಮಾಡಿದ್ದೆ. ಆಯುಧಪೂಜೆಯ ದಿನ ಎಂಟೂ ಮಾನಿಟರುಗಳಿಗೆ ವಿಭೂತಿ, ಕುಂಕುಮ ಬಿದ್ದವು. ಮಕ್ಕಳು ಕೈಮುಗಿದು ಹೋದರು. ಆ ಸಂಭ್ರಮ ಕಂಡು ನನಗೆ ಖುಷಿಯಾಗಿತ್ತು. ಕೈಮುಗಿಸುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ ಮುಟ್ಟುವುದನ್ನು ಕಲಿಸಲಿಲ್ಲ ಅನ್ನುವುದು ಹೊಳೆದದ್ದು ತುಂಬ ತಡವಾಗಿ.

ಕರೆಂಟು ಇದ್ದರೆ ಪಾಠ ಕಂಪ್ಯೂಟರಿನ ಮೇಲೆ, ಇಲ್ಲದಿದ್ದರೆ ಕರಿಹಲಗೆಯ ಮೇಲೆ. ಲೆಕ್ಕ ಹಾಕಿದರೆ ವರ್ಷದ ಮುಕ್ಕಾಲು ಪಾಠ ಕರಿಹಲಗೆಯ ಮೇಲೇ ಆಗಿರಬೇಕು. ಕಿಟಕಿಯಂಥ ಚೌಕ ಬರೆದು ಅದರೊಳಗೆ ಮೆನು, ಟೂಲ್‌ಬಾರ್, ಸ್ಕ್ರೋಲ್‌ಬಾರ್ ಬರೆಯುತ್ತಿದ್ದೆ. ಎಕ್ಸೆಲ್ ಪಾಠಕ್ಕೆ ಅಡ್ಡ, ಉದ್ದ ಗೆರೆ ಹಾಕಿ ಮನೆಗಳನ್ನು ಮಾಡಿ, ಒಂದು ಮನೆಯ ಅಂಕಿ ಬದಲಾದರೆ ಮೊತ್ತ ತಾನಾಗಿ ಬದಲಾಗುವುದನ್ನು ಡಸ್ಟರಿನಿಂದ ಒರೆಸಿ ಒರೆಸಿ ತೋರಿಸುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಓದಿದೆ: ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಹಾರ್ವರ್ಡಿನ ತರಗತಿಯಲ್ಲಿ ಕೂತಿದ್ದಾಗ, ಕರಿಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಉಳಿದ ಎಲ್ಲವನ್ನೂ ಅಳಿಸಿ ಬರೆಯಬೇಕಾಗುವುದನ್ನು ಯೋಚಿಸಿಯೇ ಸ್ಪ್ರೆಡ್‌ಶೀಟಿನ ಕಲ್ಪನೆಗೆ ಬಂದರಂತೆ. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ಅವರು ಹೊರತಂದದ್ದು ವಿಸಿಕ್ಯಾಲ್ಕ್. ಅಂದರೆ ಕರಿಹಲಗೆಯಿಂದ ಕಂಪ್ಯೂಟರಿಗೆ ಹೋದದ್ದನ್ನು ನಾನು ಕಂಪ್ಯೂಟರಿನಿಂದ ಮತ್ತೆ ಕರಿಹಲಗೆಗೆ ತಂದು ಕಲಿಸುತ್ತಿದ್ದೆ.

ತಂತ್ರಾಂಶದ ವಿಧಗಳ ಪಾಠಕ್ಕೆ ಒಂದು ಹೋಲಿಕೆ ಕಟ್ಟಿದ್ದೆ. ಸಿಸ್ಟಂ ಸಾಫ್ಟ್‌ವೇರ್ ಅಂದರೆ ಹೆಡ್‌ಮಾಸ್ತರು ಇದ್ದ ಹಾಗೆ. ಯಾರು ಯಾವ ಕೋಣೆಯಲ್ಲಿ ಕೂರಬೇಕು, ಯಾವ ಪೀರಿಯಡ್ ಯಾರದು ಅಂತ ನಿರ್ಧರಿಸುವವರು ಅವರು. ಅಪ್ಲಿಕೇಶನ್ ಸಾಫ್ಟ್‌ವೇರ್ ಅಂದರೆ ವಿಷಯ ಶಿಕ್ಷಕರು. ಕನ್ನಡದವರು ಕನ್ನಡ, ಗಣಿತದವರು ಗಣಿತ, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಯುಟಿಲಿಟಿ ಅಂದರೆ ಸಿಪಾಯಿ. ಕಸ ತೆಗೆಯುವುದು, ಚೊಕ್ಕ ಇಡುವುದು, ಒಳಗೆ ಬರುವವರ ಮೇಲೆ ಕಣ್ಣಿಡುವುದು. ಮಕ್ಕಳಿಗೆ ಇದು ಬಲು ಇಷ್ಟವಾಯಿತು. ನಮ್ಮ ಸಿಪಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪಾಠ ಮುಗಿದ ಮೇಲೆ ಚಹಾ ತಂದಿಟ್ಟು, "ನೀವು ಹೇಳಿದ್ದು ಬರೋಬರಿ ಐತ್ರೀ ಟೀಚರ್ರೀ. ಆದ್ರ ಹೆಡ್‌ಮಾಸ್ತರು ರಜಾ ಹಾಕಿದ್ರ ಸಾಲಿ ನಡೀತೈತಿ. ನಾ ರಜಾ ಹಾಕಿದ್ರ ಬಾಗಲಾನ ತೆಗೆಯಂಗಿಲ್ಲ. ಕೀಲಿ ನನ್ನ ಕಡೆ ಇರತೈತಿ" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಮಾತ್ರ ಇತ್ತು. ಮರುದಿನ ನಾನು ಆ ಹೋಲಿಕೆಯನ್ನು ಬಿಟ್ಟುಬಿಟ್ಟೆ. ಮೇಲು ಕೀಳಿನ ಏಣಿಯೊಂದನ್ನು ಕಂಪ್ಯೂಟರಿನ ಹೆಸರಿನಲ್ಲಿ ಮಕ್ಕಳ ತಲೆಗೆ ಹಾಕಿದೆನಲ್ಲ ಅಂತ ಈಗಲೂ ಅನಿಸುತ್ತದೆ.

ಒಳ್ಳೆಯದೂ ನಡೆಯಿತು. ಮಕ್ಕಳ ಮಟ್ಟಿಗೆ ಕಂಪ್ಯೂಟರ್ ಅಂದರೆ ಇಂಗ್ಲಿಷ್. ಕೀಲಿಮಣೆಯ ಮೇಲೆ ಇರುವುದೇ ಇಂಗ್ಲಿಷ್ ಅಕ್ಷರ, ತೆರೆಯ ಮೇಲೆ ಬರುವುದೂ ಇಂಗ್ಲಿಷೇ. ಇಂಗ್ಲಿಷಿನಲ್ಲಿ ಕಡಿಮೆ ಅಂಕ ತೆಗೆಯುವವರು ಲ್ಯಾಬಿನಲ್ಲಿ ತಾವಾಗಿಯೇ ಹಿಂದೆ ನಿಲ್ಲುತ್ತಿದ್ದರು. ಒಂದು ದಿನ 'ನುಡಿ' ಹಾಕಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿ, ಸರ್ಕಾರ ಉಚಿತವಾಗಿ ಹಂಚಿದ ತಂತ್ರಾಂಶ. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದು. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರ ಬೇಕಿದ್ದರೆ ನಡುವೆ ಎಫ್. ಕಾಗುಣಿತ ಬಲ್ಲವರಿಗೆ ಅರ್ಧ ಗಂಟೆ ಸಾಕು. ಕಾಗುಣಿತದಲ್ಲಿ ನಮ್ಮ ಮಕ್ಕಳು ಗಟ್ಟಿ ಇದ್ದರು. ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗಿ ಮೌಸು ಬದಿಗಿಟ್ಟು, ಒಂದೊಂದೇ ಕೀಲಿ ಹುಡುಕಿ 'ಚೆನ್ನಿ' ಅಂತ ಬರೆದಳು. ನಿನ್ನ ಹೆಸರು ಅದಲ್ಲವಲ್ಲ ಅಂದೆ. "ನಮ್ಮ ಎಮ್ಮಿ ಹೆಸರ್ರೀ" ಅಂದಳು. ನಕ್ಕವರು ಯಾರೂ ಇಲ್ಲ. ಪಕ್ಕದವಳು ತನ್ನ ಮನೆಯ ಎತ್ತುಗಳ ಹೆಸರು ಬರೆಯತೊಡಗಿದಳು. ಆ ದಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆ ಪ್ರಸಂಗದಲ್ಲೂ ನನ್ನ ಕಡೆಯಿಂದ ಒಂದು ಕೊರತೆ ಉಳಿಯಿತು. ಈ ತಂತ್ರಾಂಶ ಕನ್ನಡದವರು ಮಾಡಿದ್ದು, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ' ಅಂತ ಇನ್ನೊಂದಿದೆ, ಊರಿನ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕೂಡ ಬೆಂಗಳೂರಿನಲ್ಲೇ ಹುಟ್ಟಿದ್ದು. ಇದನ್ನೆಲ್ಲ ನಾನು ಹೇಳಲಿಲ್ಲ. ಸಾಫ್ಟ್‌ವೇರ್ ಅನ್ನುವುದು ಮಳೆಯ ಹಾಗೆ ಎಲ್ಲಿಂದಲೋ ಬರುವ ವಸ್ತು, ಬಂದದ್ದನ್ನು ಬಳಸುವುದಷ್ಟೇ ನಮ್ಮ ಪಾಲು ಎಂಬ ಭಾವನೆ ಅವರಲ್ಲಿ ಉಳಿದಿದ್ದರೆ ಅದಕ್ಕೆ ನನ್ನ ಪಾಠವೂ ಕಾರಣ. ಯಾರೋ ಒಬ್ಬರು ಕೂತು, ಯೋಚಿಸಿ, ಬರೆದದ್ದು ಅದು ಎಂಬ ಒಂದು ಮಾತು ಸೇರಿಸಿದ್ದರೆ ಮುಂದಿನ ಕತೆ ಬೇರೆಯಾಗುತ್ತಿತ್ತೋ ಏನೋ.

ಅದೇ ಹೊತ್ತಿಗೆ 'ಭೂಮಿ' ಯೋಜನೆ ಬಂದು ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಉತಾರ ಸಿಗತೊಡಗಿತ್ತು. ಪಹಣಿಗೆ ನಮ್ಮ ಕಡೆ ಉತಾರ ಅನ್ನುವುದು. ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದ್ದವು. 15 ರೂಪಾಯಿ ಕೊಟ್ಟರೆ ಕೈಗೆ ಪ್ರಿಂಟು. ಒಬ್ಬ ಹುಡುಗ ಅಂಥ ಉತಾರವೊಂದನ್ನು ಶಾಲೆಗೆ ತಂದು, ನನ್ನ ಮೇಜಿನ ಮೇಲೆ ಬಿಡಿಸಿಟ್ಟು, "ಇದು ಯಾವ ವಿಧದಾಗ ಬರತೈತ್ರೀ ಟೀಚರ್ರೀ? ಸಿಸ್ಟಂ ಏನ್ರೀ, ಅಪ್ಲಿಕೇಶನ್ ಏನ್ರೀ?" ಎಂದು ಕೇಳಿದ. ಅಷ್ಟು ಒಳ್ಳೆಯ ಪ್ರಶ್ನೆ ನಾನು ಅಲ್ಲಿದ್ದ ನಾಲ್ಕು ವರ್ಷಗಳಲ್ಲಿ ಮತ್ತೊಂದು ಬರಲಿಲ್ಲ ಅನ್ನಬಹುದು. ಉತ್ತರ ಕಷ್ಟದ್ದೇನೂ ಆಗಿರಲಿಲ್ಲ. ದಾಖಲೆಗಳನ್ನು ಜೋಡಿಸಿಟ್ಟು, ಸರ್ವೇ ನಂಬರ್ ಕೊಟ್ಟರೆ ಹುಡುಕಿ ಕೊಡುವ ಡೇಟಾಬೇಸಿನ ಮೇಲೆ ನಿಂತ ಅಪ್ಲಿಕೇಶನ್ ಅದು. ನಮ್ಮ ಶಾಲೆಯ ಹಾಜರಿ ಪುಸ್ತಕವನ್ನೇ ತೋರಿಸಿ ಬಿಡಿಸಿ ಹೇಳಬಹುದಿತ್ತು. ನಾನು, "ಅದು ನಮ್ಮ ಸಿಲಬಸ್‌ನಾಗ ಇಲ್ಲ, ಕೂತ್ಕೊ" ಅಂದೆ. ಅವನು ಉತಾರವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಅವನು ಏನೂ ಕೇಳಲಿಲ್ಲ.

ಈಗ ಆ ಹುಡುಗಿಯ ವಿಷಯಕ್ಕೆ ಬರಬೇಕು.

ಎಮ್ಮೆಯ ಹೆಸರು ಬರೆದವಳೇ ಅವಳು. 2003ರ ಫೆಬ್ರುವರಿ, ಸುಗ್ಗಿ ಮುಗಿದು ಕಾಯಿ ಪೇಟೆಗೆ ಹೋಗುತ್ತಿದ್ದ ಸಮಯ. ಅವಳ ಮನೆಯಲ್ಲಿ ಓದು ಬಲ್ಲವಳು ಅವಳೊಬ್ಬಳೇ. ಪೇಟೆಯಿಂದ ಅಪ್ಪ ತಂದ ಪಟ್ಟಿಯನ್ನು ಓದಿ ಹೇಳುವ ಕೆಲಸವೂ ಅವಳದೇ. ಗೊತ್ತಿಲ್ಲದವರಿಗೆ ಹೇಳುವುದಾದರೆ, ರೈತನ ಮಾಲು ಮಾರಿದ ಮೇಲೆ ದಲಾಲಿ ಅಂಗಡಿಯವರು ಕೊಡುವ ಲೆಕ್ಕದ ಚೀಟಿಯೇ ಪಟ್ಟಿ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಕೈಗೆ ಎಷ್ಟು ಎಂದು ಅದರಲ್ಲಿರುತ್ತದೆ. ಮೊದಲೆಲ್ಲ ಗುಮಾಸ್ತರು ಕೈಯಲ್ಲಿ ಬರೆಯುತ್ತಿದ್ದರು. ಆ ವರ್ಷ ಆ ಅಂಗಡಿಗೆ ಕಂಪ್ಯೂಟರ್ ಬಂದಿತ್ತು. ಪಟ್ಟಿ ಪ್ರಿಂಟಾಗಿ ಬಂತು.

ಅಪ್ಪನಿಗೆ ತೂಕ ಕಡಿಮೆ ಅನಿಸಿದೆ. ಕಣದಲ್ಲಿ ಚೀಲ ಎತ್ತಿ ಗಾಡಿಗೆ ಹಾಕಿದ ತೋಳಿಗೆ ಅಂದಾಜು ಇದ್ದೇ ಇರುತ್ತದಲ್ಲ. ಅಂಗಡಿಯಲ್ಲಿ ಕೇಳಿದ್ದಕ್ಕೆ ಗುಮಾಸ್ತರು, ಕಂಪ್ಯೂಟರ್ ಪಟ್ಟಿ, ತಪ್ಪು ಬರುವುದಿಲ್ಲ ಅಂದಿದ್ದಾರೆ. ಮನೆಗೆ ಬಂದು ಮಗಳನ್ನು ಕೇಳಿದರೆ ಅವಳೂ ಅದನ್ನೇ ಹೇಳಿದಳು. "ಹೌದಪ್ಪ, ಕಂಪ್ಯೂಟರ್ ತಪ್ಪು ಮಾಡಂಗಿಲ್ಲ. ನಮ್ಮ ಟೀಚರ್ ಬರೆಸ್ಯಾರ." ಅಪ್ಪ ಸುಮ್ಮನಾದರು. ಅಂಗಡಿಯವರ ಮಾತಿಗೆ ಸುಮ್ಮನಾಗದವರು ಮಗಳ ಮಾತಿಗೆ ಸುಮ್ಮನಾದರು.

ವಾರದ ಮೇಲೆ ನಾನು ಎಕ್ಸೆಲಿನಲ್ಲಿ ಮೊತ್ತ ತೆಗೆಯುವುದನ್ನು ಕಲಿಸಿದೆ. ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಹೇಳಿದರೆ ಸಾಕು, ಕೂಡಿ ಕೊಡುತ್ತದೆ. ಪುಸ್ತಕದಲ್ಲಿದ್ದ ಉದಾಹರಣೆ ಐದು ವಿಷಯಗಳ ಅಂಕಗಳದು. ಅವಳು ಕಂಪಾಸ್ ಪೆಟ್ಟಿಗೆಯಿಂದ ಮಡಚಿದ ಪಟ್ಟಿ ತೆಗೆದಳು. ಅದರಲ್ಲಿದ್ದ ಏಳು ಚೀಲಗಳ ತೂಕವನ್ನು ಒಂದರ ಕೆಳಗೊಂದು ತುಂಬಿದಳು: 42, 41, 43, 39, 42, 41, 40. ಮೊತ್ತ 288 ಬಂತು. ಪಟ್ಟಿಯ ಮೇಲೆ ಇದ್ದದ್ದು 248.

ಅವಳು ಎರಡನೇ ಸಲ ತುಂಬಿದಳು. ಮೂರನೇ ಸಲವೂ ತುಂಬಿದಳು. ಆಮೇಲೆ ಎದ್ದು ನನ್ನ ಬಳಿ ಬಂದು ಮೆಲ್ಲಗೆ, "ಟೀಚರ್ರೀ, ನಮ್ಮ ಕಂಪ್ಯೂಟರ್ ಕೆಟ್ಟೈತೇನ್ರೀ?" ಅಂದಳು. ಯಾಕೆ ಅಂದೆ. ಪಟ್ಟಿ ತೋರಿಸಿದಳು. "ಅದೂ ಕಂಪ್ಯೂಟರ್ರ, ಇದೂ ಕಂಪ್ಯೂಟರ್ರ. ಎರಡೂ ತಪ್ಪು ಮಾಡಂಗಿಲ್ಲ ಅಂದಿದ್ರಿ. ಹಂಗಾರ ಯಾವುದು ಖರೇ?"

ನಾನು ಅವಳ ಜಾಗದಲ್ಲಿ ಕೂತು, ಕೂಡುವ ಸೂತ್ರವನ್ನು ಏಳನೆಯ ಮನೆಯ ಬದಲು ಆರನೆಯ ಮನೆಗೆ ನಿಲ್ಲಿಸಿದೆ. 248. ಎಲ್ಲವೂ ಅರ್ಥವಾಯಿತು. ಗುಮಾಸ್ತರು ಆರು ಚೀಲದ ಯಾವುದೋ ಪಟ್ಟಿಗೆ ಸೂತ್ರ ಬರೆದಿರಬೇಕು. ಇವರ ಏಳನೆಯ ಚೀಲವನ್ನು ಅದರ ಕೆಳಗೆ ಹೊಸ ಸಾಲಿನಲ್ಲಿ ಸೇರಿಸಿದ್ದಾರೆ. ಸೂತ್ರವನ್ನು ಕೆಳಗೆ ಎಳೆದಿಲ್ಲ. ಚೀಲ ಪಟ್ಟಿಯಲ್ಲಿ ಕಾಣುತ್ತದೆ, ಮೊತ್ತದಲ್ಲಿ ಇಲ್ಲ. ಬೇಕೆಂದೇ ಮಾಡಿದರೆಂದು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಹೊಸದಾಗಿ ಕಲಿತವರ ಕೈ ತಪ್ಪು. ಹಾಗೆಂದು 40 ಕಿಲೋ ಕಾಯಿ ಕಡಿಮೆಯಾದದ್ದೇನೂ ಸುಳ್ಳಲ್ಲ.

ಆ ಕ್ಷಣದಲ್ಲಿ ನನ್ನ ಮೂರು ವಿಧಗಳ ಪಟ್ಟಿ ಒಂದಿಷ್ಟೂ ನೆರವಿಗೆ ಬರಲಿಲ್ಲ. ಸಿಸ್ಟಂ ಸಾಫ್ಟ್‌ವೇರ್ ಸರಿಯಾಗಿತ್ತು. ಅಪ್ಲಿಕೇಶನ್ ಸರಿಯಾಗಿತ್ತು, ಎಕ್ಸೆಲ್ ತನಗೆ ಹೇಳಿದ ಆರು ಮನೆಗಳನ್ನು ಸರಿಯಾಗಿಯೇ ಕೂಡಿತ್ತು. ತಪ್ಪಿದ್ದದ್ದು ಆ ಹಾಳೆಯಲ್ಲಿ ಗುಮಾಸ್ತರು ಬರೆದ ಒಂದು ಸಾಲಿನ ಸೂತ್ರದಲ್ಲಿ. ಅದೂ ಒಂದು ತಂತ್ರಾಂಶವೇ. ಯಂತ್ರಕ್ಕೆ ಹೇಳಿಕೊಡುವ ಮಾತು ಯಾವುದೇ ಇರಲಿ, ಸಾವಿರ ಎಂಜಿನಿಯರುಗಳು ಬರೆದದ್ದಿರಲಿ, ಪೇಟೆಯ ಅಂಗಡಿಯಲ್ಲಿ ಒಬ್ಬರು ಚಹಾ ಕುಡಿಯುತ್ತ ಬರೆದದ್ದಿರಲಿ, ಅದು ತಂತ್ರಾಂಶ. ನಮ್ಮ ಬದುಕನ್ನು ಹೆಚ್ಚಾಗಿ ಮುಟ್ಟುವುದು ಈ ಎರಡನೆಯ ಬಗೆಯೇ. ಮಾರ್ಕ್ಸ್‌ಕಾರ್ಡಿನ ಮೊತ್ತ, ಸೊಸೈಟಿಯ ಸಾಲದ ಬಡ್ಡಿ, ಡೇರಿಯ ಹಾಲಿನ ಲೆಕ್ಕ. ನನ್ನ ನೋಟ್ಸಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಮರುದಿನ ಅವಳ ಅಪ್ಪ ಶಾಲೆಗೆ ಬಂದರು. ಗೇಟಿನ ಹೊರಗೇ ನಿಂತು, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಅವರು ನನ್ನಿಂದ ಬಯಸಿದ್ದು ಒಂದೇ. "ನೀವು ಒಂದು ಹಾಳ್ಯಾಗ ಬರೆದು ಸಹಿ ಮಾಡಿ ಕೊಡ್ರೀ ಅಕ್ಕಾರ. ಕಂಪ್ಯೂಟರ್ ಟೀಚರ್ ಹೇಳ್ಯಾರ ಅಂದ್ರ ಅವರು ಕೇಳ್ತಾರ. ನನ್ನ ಮಾತು ಕೇಳಂಗಿಲ್ಲ."

ಆ ದಲಾಲಿ ಅಂಗಡಿಯ ಯಜಮಾನರು ನಮ್ಮ ಊರಿನವರೇ. ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿದ್ದರು. ಲ್ಯಾಬಿನ ಜನರೇಟರಿಗೆ ಡೀಸೆಲ್ ಹಾಕಿಸುತ್ತಿದ್ದವರೂ ಅವರೇ. ನಾನು ಹೆಡ್‌ಮಾಸ್ತರನ್ನು ಕೇಳಿದೆ. ಅವರು ಕಿಟಕಿಯ ಆಚೆ ನೋಡುತ್ತ, "ನಮಗ್ಯಾಕ ಬೇಕವಾ ಪ್ಯಾಟಿ ವ್ಯವಹಾರ" ಅಂದರು. ನನ್ನ ಗುತ್ತಿಗೆ ಏಪ್ರಿಲಿನಲ್ಲಿ ನವೀಕರಣವಾಗಬೇಕಿತ್ತು. ನಾನು ಹೊರಗೆ ಬಂದು ಆ ಮನುಷ್ಯನಿಗೆ, ನೀವೇ ಹೋಗಿ ಬಾಯಿಂದ ಹೇಳಿ ನೋಡಿರಿ, ಪಟ್ಟಿ ತೋರಿಸಿ ಕೂಡಲು ಹೇಳಿರಿ ಅಂದೆ. ಕಾಗದದ ಮೇಲೆ ಏಳು ಅಂಕಿ ಕೂಡಿ ಸಹಿ ಹಾಕಲು ಎರಡು ನಿಮಿಷ ಬೇಕಿರಲಿಲ್ಲ. ನಾನು ಹಾಕಲಿಲ್ಲ.

ಅವರು ಹೋದರು. ಅಂಗಡಿಯಲ್ಲಿ, ವಾರದ ಹಿಂದಿನ ಲೆಕ್ಕ ಮುಗಿದಿದೆ, ಕಂಪ್ಯೂಟರಿನಲ್ಲಿ ತಿದ್ದಲು ಬರುವುದಿಲ್ಲ ಅಂದು ಕಳಿಸಿದರಂತೆ. ಹುಡುಗಿ ಇದನ್ನು ನನಗೆ ಹೇಳಿದಾಗ ಅವಳ ಮುಖದಲ್ಲಿ ನನ್ನ ಮೇಲಿನ ಸಿಟ್ಟು ಹುಡುಕಿದೆ. ಇರಲಿಲ್ಲ. ಟೀಚರ್ ಅಂದರೆ ಇಷ್ಟೇ ಎಂಬ ಒಂದು ಅಳತೆ ಅವಳಿಗೆ ಸಿಕ್ಕಿತ್ತು. ನಾನೂ, "ಬಿಡವಾ, ಆದದ್ದು ಆತು" ಅಂದೆ. ಮುಂದಿನ ಜೂನಿನಲ್ಲಿ ಹೊಸ ಒಂಬತ್ತನೆಯ ತರಗತಿ ಬಂತು. ಮೊದಲ ಪಾಠ ಕಂಪ್ಯೂಟರಿನ ಗುಣಲಕ್ಷಣಗಳು. ನಿಖರತೆಯ ಮುಂದೆ ನಾನು ಮತ್ತೆ ಅದೇ ವಾಕ್ಯ ಬರೆಸಿದೆ. ಪರೀಕ್ಷೆಗೆ ಅದೇ ಉತ್ತರ ಬೇಕಿತ್ತು. ಮೊದಲ ಸಲ ಬರೆಸಿದ್ದು ತಿಳಿಯದೆ. ಎರಡನೆಯ ಸಲ ಎಲ್ಲವನ್ನೂ ತಿಳಿದು ಬರೆಸಿದೆ. ಆ ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದು.

ನಾಲ್ಕು ವರ್ಷಕ್ಕೆ ಗುತ್ತಿಗೆ ಮುಗಿಯಿತು. ಕಂಪ್ಯೂಟರುಗಳು ಮಂದವಾಗಿದ್ದವು, ಮೂರು ಪೂರ್ತಿ ನಿಂತಿದ್ದವು. ನಮ್ಮ ಲ್ಯಾಬಿನಲ್ಲಿದ್ದ ವಿಂಡೋಸ್ 98ಕ್ಕೆ ತಯಾರಕರೇ ಬೆಂಬಲ ನಿಲ್ಲಿಸಿದ್ದೂ 2006ರ ಜುಲೈನಲ್ಲೇ. ನಾನು ದಾವಣಗೆರೆಗೆ ಬಂದು ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅದೇ ಬಗೆಯ ಕೆಲಸ, ಬೇರೆಯವರ ಹಾಳೆಗಳಲ್ಲಿ ತಪ್ಪು ಹುಡುಕುವುದು. ಯಾರದೇ ಎಕ್ಸೆಲ್ ಹಾಳೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಮೊತ್ತದ ಮನೆಗೆ. ಸೂತ್ರ ಕೊನೆಯ ಸಾಲಿನವರೆಗೆ ಹೋಗಿದೆಯೇ ಎಂದು ನೋಡುತ್ತೇನೆ. ಹೋಗಿರದ ಹಾಳೆಗಳನ್ನು ಎಷ್ಟೋ ಕಂಡಿದ್ದೇನೆ.

2013ರಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಹಾರ್ವರ್ಡಿನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆಯ ಮೇಲೆ ಒಂದು ಪ್ರಬಂಧ ಬರೆದಿದ್ದರು. ಸರ್ಕಾರಗಳು ಖರ್ಚು ಕಡಿತ ಮಾಡಬೇಕೆಂದು ವಾದಿಸುವವರು ಅದನ್ನು ಮುಂದಿಡುತ್ತಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮತ್ತೆ ಮಾಡಲು ಹೋದರೆ ತಾಳೆಯೇ ಆಗಲಿಲ್ಲ. ಮೂಲ ಹಾಳೆ ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ 49ನೆಯ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಐದು ದೇಶಗಳು ಹೊರಗುಳಿದಿದ್ದವು. ಆ ಪ್ರಬಂಧದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು, ವ್ಯತ್ಯಾಸದ ಹೆಚ್ಚು ಪಾಲು ಅವುಗಳದೇ. ಆದರೂ ನನ್ನ ಕಣ್ಣಿಗೆ ಕಟ್ಟಿದ್ದು ಆ ಹೊರಗುಳಿದ ಸಾಲುಗಳು. ಲೇಖಕರು ಆ ತಪ್ಪನ್ನು ಒಪ್ಪಿಕೊಂಡರು. ಇಂಗ್ಲೆಂಡಿನಲ್ಲಿ 2020ರಲ್ಲಿ ಎಕ್ಸೆಲಿನ ಹಳೆಯ ಬಗೆಯ ಕಡತಕ್ಕೆ 65,536 ಸಾಲುಗಳ ಮಿತಿ ಇದ್ದದ್ದರಿಂದ 15,841 ಕೊರೋನಾ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ದೊಡ್ಡವರ ಹಾಳೆಯಲ್ಲಿ ಸಾಲು ಬಿಟ್ಟುಹೋದರೆ ಜಗತ್ತು ಮಾತಾಡುತ್ತದೆ. ಹರ್ನ್‌ಡನ್ ಮಾಡಿದ್ದನ್ನೇ ನಮ್ಮ ಹುಡುಗಿ ಹತ್ತು ವರ್ಷ ಮೊದಲು ಮಾಡಿದ್ದಳು. ಕೊಟ್ಟ ಉತ್ತರವನ್ನು ನಂಬಿ ಬಿಡದೆ, ಕೂತು ತಾನೇ ಕೂಡಿ ನೋಡಿದ್ದಳು. ಆ ವಿದ್ಯಾರ್ಥಿಯ ಹಿಂದೆ ಅವನ ಶಿಕ್ಷಕರು ನಿಂತು, ಉತ್ತರ ಪ್ರಬಂಧಕ್ಕೆ ತಮ್ಮ ಹೆಸರನ್ನೂ ಸೇರಿಸಿದರು.

ಇಷ್ಟನ್ನೂ ನೆನೆಯುತ್ತ ನೋಟ್‌ಬುಕ್ ಹಿಡಿದು ಕೂತಿದ್ದೆ. ತಮ್ಮನ ಮಗ, "ಅತ್ತಿ, ಮುಂದಿನ ಪ್ರಶ್ನೆ ಕೇಳು" ಅಂದ.

ಅವನಿಗೂ ನನ್ನ ಆ ಮಕ್ಕಳಿಗೂ ಎಷ್ಟು ವ್ಯತ್ಯಾಸ! ಮನೆಯಲ್ಲಿ ಮೂರು ಫೋನು, ಒಂದು ಲ್ಯಾಪ್‌ಟಾಪ್. ಅಂಗಡಿಗೆ ಹಾಲಿಗೆ ಕಳಿಸಿದರೆ ಅಮ್ಮನ ಫೋನಿನಿಂದ ಹಣ ಕಟ್ಟಿ ಬರುತ್ತಾನೆ. ನಮ್ಮ ಎಂಟು ಕಂಪ್ಯೂಟರುಗಳಲ್ಲಿ ಇದ್ದ ತಂತ್ರಾಂಶಗಳಿಗಿಂತ ಹೆಚ್ಚು ಅವನ ಅಪ್ಪನ ಜೇಬಿನಲ್ಲಿವೆ. ಆದರೆ ನಾವು ಕಲಿಸುತ್ತಿದ್ದ ಗಡಿಗಳು ಅವನ ಕಣ್ಣಿಗೆ ಕಾಣುವುದೇ ಇಲ್ಲ. ವೈರಸ್ ತಡೆಯುವ ತಂತ್ರಾಂಶ ಈಗ ಆಪರೇಟಿಂಗ್ ಸಿಸ್ಟಂ ಜೊತೆಗೇ ಬರುತ್ತದೆ. ಫೋಟೋ ತೆಗೆದರೆ ಫೋನಿನಲ್ಲಿದೆಯೋ ಎಲ್ಲೋ ದೂರದ ಕಂಪ್ಯೂಟರಿನಲ್ಲಿದೆಯೋ ತಿಳಿಯುವುದಿಲ್ಲ. ಫೈಲ್ ಅಂದರೇನು ಅಂತ ಕೇಳಿದೆ. ನೋಟ್ಸಿನ ಉತ್ತರ ಹೇಳಿದ. ನೀನು ಬರೆದ ಒಂದು ಫೈಲ್ ತೋರಿಸು ಅಂದರೆ ಸುಮ್ಮನಾದ. ಆ ಕಾಲದಲ್ಲಿ ನಾವು ಮಕ್ಕಳಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಈಗ ದಿನವಿಡೀ ಮುಟ್ಟುತ್ತಾರೆ, ಅದರ ಬೆನ್ನ ಹಿಂದೆ ಏನಿದೆಯೆಂದು ನೋಡಲು ಯಾರೂ ಕರೆಯುವುದಿಲ್ಲ. ನೋಟ್ಸ್ ಮಾತ್ರ ಅದೇ.

ಲ್ಯಾಪ್‌ಟಾಪ್ ತರಿಸಿದೆ. ಏಳು ಅಂಕಿ ಹೇಳಿ ತುಂಬಿಸಿದೆ. ಕೂಡಿಸಿದ: 288. ಸೂತ್ರವನ್ನು ಒಂದು ಮನೆ ಮೇಲಕ್ಕೆ ಎಳೆ ಅಂದೆ. 248. "ಒಂದು ಚೀಲ ಎಲ್ಲಿ ಹೋತು?" ಅಂತ ಕೇಳಿದೆ. ಅವನು ತೆರೆಯನ್ನು ದಿಟ್ಟಿಸಿ ನೋಡಿ, "ಇಲ್ಲೇ ಐತಿ ಅತ್ತಿ. ಕಾಣಸ್ತೈತಿ, ಆದ್ರ ಎಣಿಸಿಲ್ಲ" ಅಂದ. ಆಮೇಲೆ ಅವನಿಗೆ ಹುಡುಗಿಯ ಕತೆ ಹೇಳಿದೆ, ನಾನು ಸಹಿ ಹಾಕದೆ ಇದ್ದದ್ದನ್ನೂ ಸೇರಿಸಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಂಪು ಗೆರೆಯ ವಾಕ್ಯ ತೋರಿಸಿ, "ಹಂಗಾರ ಇದು ತಪ್ಪೇನು?" ಅಂದ. ತಪ್ಪು ಅಂದೆ. "ನಾಳೆ ಟೆಸ್ಟಿಗೆ ಏನ್ ಬರೀಲಿ?"

ಅದಕ್ಕೆ ನನ್ನ ಬಳಿ ಧೈರ್ಯದ ಉತ್ತರ ಇರಬೇಕಿತ್ತು. ನಿನ್ನ ಟೀಚರನ್ನೇ ಕೇಳು, ಈ ಹಾಳೆ ತೋರಿಸಿ ಕೇಳು ಅಂದೆ. ಅದನ್ನು ಪ್ರಿಂಟ್ ತೆಗೆದು, ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿ ಕೊಟ್ಟೆ.

ಆ ಹುಡುಗಿ ಹತ್ತನೆಯ ತರಗತಿ ಪಾಸಾದಳು. ಗಣಿತದಲ್ಲಿ ಶಾಲೆಗೇ ಹೆಚ್ಚು ಅಂಕ ಅವಳದು. ಆಮೇಲೆ ಎಲ್ಲಿದ್ದಾಳೋ ನನಗೆ ತಿಳಿದಿಲ್ಲ. ಈಗ ಬ್ಯಾಡಗಿ ಪೇಟೆಯಲ್ಲಿ ಟೆಂಡರೇ ಕಂಪ್ಯೂಟರಿನ ಮೇಲೆ ನಡೆಯುತ್ತದೆ, ಪಟ್ಟಿ ಎಲ್ಲ ಕಡೆ ಪ್ರಿಂಟೇ. ಕಂಪ್ಯೂಟರ್ ಪಾಠ ಮಾಡುವ ಶಿಕ್ಷಕರಲ್ಲಿ ನನ್ನ ಒಂದು ಬಿನ್ನಹ ಇದೆ. ವಿಧಗಳ ಪಾಠಕ್ಕೆ ಬಂದ ದಿನ ಮಕ್ಕಳಿಗೆ ಮನೆಯಿಂದ ಒಂದೊಂದು ಚೀಟಿ ತರಲು ಹೇಳಿ. ಡೇರಿಯದೋ, ರೇಷನ್ ಅಂಗಡಿಯದೋ, ಪೇಟೆಯ ಪಟ್ಟಿಯೋ, ಯಾವುದಾದರೂ ಸರಿ. ಅದನ್ನು ಕೈಯಲ್ಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ ಕೂಡಿಸಿ ನೋಡಲಿ. ತಾಳೆಯಾಗದಿದ್ದರೆ ನೀವು ಒಂದು ಹಾಳೆಯ ಮೇಲೆ ಬರೆದು, ಸಹಿ ಹಾಕಿ ಕೊಡಿ.